ಎಡಗೈ ಮಸ್ಟಾಂಗ್

ಕಾರಿನ ಸ್ಟೀರಿಂಗನ್ನು ಎಡಗಡೆಯಿಂದ ಕಿತ್ತು ಬಲಗಡೆಗೆ ಹಾಕಿಸುತ್ತೇನೆ ಎಂದಾಗ ಲಿಖಿತ್ ನನ್ನ ಮುಖವನ್ನೇ ನೋಡುತ್ತಾ ನಿಂತುಬಿಟ್ಟ. ನಾನೇನೋ ಮನೆದೇವರಿಗೆ ಗರಗಸ ಇಡುತ್ತೇನೆ ಅಂದೆನೇನೋ ಅನ್ನುವ ಹಾಗೆ.

"ದೊಡ್ಡಮ್ಮ, ಅದು ಅರವತ್ತಾರನೇ ಇಸವಿ ಮಸ್ಟಾಂಗ್. ಅಮೆರಿಕದ ಕಾರು ಅಂದ್ರೆ ಎಡಗಡೆನೇ ಸ್ಟೀರಿಂಗ್. ಅದನ್ನ ಕೊಯ್ದ್ರೆ ಕೊಲೆ ಮಾಡ್ದಂಗೆ."

"ಕೊಲೆನೇ ಅಂತ ಇಟ್ಕೋ. ಹೋಗಿ ಪೊಲೀಸ್ರಿಗೆ ಹೇಳು."

"ಹಂಗಲ್ಲ ದೊಡ್ಡಮ್ಮ. ದೊಡ್ಡಪ್ಪ ಇದ್ದಿದ್ರೆ..."

"ಇಲ್ವಲ್ಲ," ಅಂದೆ.

ಲಿಖಿತ್ ನನ್ನ ಮೈದುನನ ಮಗ. ಮೂಡಿಗೆರೆಯಲ್ಲಿ ಹೋಂಸ್ಟೇ ನಡೆಸುತ್ತಾನೆ, ಆದರೆ ಅವನ ಜೀವ ಇರುವುದು ಹಳೇ ಕಾರುಗಳಲ್ಲಿ. ಯಾವ ಕಾರಿಗೆ ಎಷ್ಟು ಸಿಲಿಂಡರ್, ಯಾವ ವರ್ಷ ಯಾವ ಬಣ್ಣ ಬಂತು, ಎಲ್ಲ ಬಾಯಿಪಾಠ. ಹೆಂಡತಿಯ ಹುಟ್ಟಿದ ದಿನ ಮಾತ್ರ ಮರೆಯುತ್ತಾನೆ.

ನಮ್ಮವರು ಹೋಗಿ ಆಗ ಎರಡು ತಿಂಗಳಾಗಿತ್ತು. ಗೋಣಿಬೀಡಿನ ಸುತ್ತಮುತ್ತ ಸುಬ್ಬಣ್ಣಗೌಡರು ಅಂದರೆ ಎಲ್ಲರಿಗೂ ಗೊತ್ತು. ಕೊಯ್ಲಿನ ನಡುಮಧ್ಯೆ, ಕಣದಲ್ಲಿ ಸಿಪ್ಪೆ ಬಿಡಿಸಿದ ಪಾರ್ಚ್‌ಮೆಂಟ್ ಕಾಫಿ ಹರಡಿಸುತ್ತಾ ನಿಂತಿದ್ದವರು ಹಾಗೇ ಕುಸಿದರು. ಡಾಕ್ಟರು ಬರುವಷ್ಟರಲ್ಲಿ ಮುಗಿದಿತ್ತು. ಗಿಡದಲ್ಲಿ ಹಣ್ಣಾದ ಕಾಫಿ ಸೂತಕ ನೋಡುವುದಿಲ್ಲ. ಮಣ್ಣು ಮಾಡಿ ಬಂದ ಮೂರನೇ ದಿನಕ್ಕೆ ನಾನು ಲೆಕ್ಕ ಬರೆಯುವ ರೈಟರ್ ಜೊತೆ ತೋಟದಲ್ಲಿದ್ದೆ. ಆಳುಗಳು ನನ್ನ ಮುಖ ನೋಡಿ ತಲೆ ತಗ್ಗಿಸುತ್ತಿದ್ದರು, ನಾನು ಹಣ್ಣಿನ ಬುಟ್ಟಿಯಲ್ಲಿ ಹಸಿರು ಕಾಯಿ ಎಷ್ಟಿದೆ ಅಂತ ನೋಡುತ್ತಿದ್ದೆ.

ಅಳು ಬರಲಿಲ್ಲ. ಆಗಲೂ ಬರಲಿಲ್ಲ, ಆಮೇಲೂ ಬರಲಿಲ್ಲ. ಹಲ್ಲು ಕೀಳಿಸಿಕೊಂಡು ಬಂದ ಮೇಲೆ ದವಡೆ ಇರುತ್ತದಲ್ಲ, ಮುಟ್ಟಿದರೆ ಇದೆ, ಆದರೆ ನಮ್ಮದಲ್ಲ. ನನ್ನ ಮೈಯೆಲ್ಲ ಹಾಗಾಗಿತ್ತು. ಊಟ ಮಾಡುತ್ತಿದ್ದೆ, ನಿದ್ದೆಯೂ ಬರುತ್ತಿತ್ತು. ಮಗಳು ಧನ್ಯಾ ಹಾಸನದಿಂದ ದಿನಾ ಫೋನ್ ಮಾಡಿ, "ಅಮ್ಮ, ಒಂದ್ಸಲ ಅತ್ತುಬಿಡು" ಅನ್ನುತ್ತಿದ್ದಳು. ಅಳು ಏನು ನಲ್ಲಿ ನೀರೇ, ತಿರುಗಿಸಿದ ಕೂಡಲೇ ಬರಲಿಕ್ಕೆ?

ಬಂದವರೆಲ್ಲ ಅವರನ್ನು ಹೊಗಳಿದ್ದೇ ಹೊಗಳಿದ್ದು. ಸತ್ತ ಎಮ್ಮೆಗೆ ಹಾಲು ಜಾಸ್ತಿ ಅನ್ನುತ್ತಾರಲ್ಲ. ನನ್ನನ್ನು ಕೇಳಿದ್ದರೆ ಸರಿಯಾಗಿ ಹೇಳುತ್ತಿದ್ದೆ. ಬಿಗುಮಾನದ ಮನುಷ್ಯ. ಚಿಕ್ಕವರಿದ್ದಾಗ ಹಂದಿ ಷಿಕಾರಿಗೆ ಹೋಗಿ, ಪಕ್ಕದಲ್ಲೇ ಕೋವಿ ಹಾರಿ ಎಡಗಿವಿ ಪೂರ್ತಿ ಹೋಗಿತ್ತು. ಮನೆಯೊಳಗೆ ನನಗೆ, ಮಗಳಿಗೆ ಗೊತ್ತು, ಹೊರಗೆ ಒಂದು ನರಪಿಳ್ಳೆಗೆ ಗೊತ್ತಿಲ್ಲ. ಆ ಕಡೆ ನಿಂತು ಯಾರಾದರೂ ಮಾತಾಡಿಸಿ ಇವರು ಉತ್ತರ ಕೊಡದಿದ್ದರೆ, ಗೌಡರಿಗೆ ಎಷ್ಟು ಸೊಕ್ಕು ನೋಡಿ ಅಂದುಕೊಂಡು ಹೋಗುತ್ತಿದ್ದರು. ಕಿವುಡ ಅನ್ನಿಸಿಕೊಳ್ಳುವುದಕ್ಕಿಂತ ಸೊಕ್ಕಿನವನು ಅನ್ನಿಸಿಕೊಳ್ಳುವುದೇ ಅವರಿಗೆ ವಾಸಿ.

ಮತ್ತೆ ಆ ಕಾರು. ಕಡುಹಸಿರು ಬಣ್ಣ, ಉದ್ದ ಮೂತಿ, ಶಬ್ದ ಕೇಳಿದರೆ ಗಬ್ಬದ ಹಸು ಹೆದರಬೇಕು. ನಾನು ಧನ್ಯಾಳನ್ನು ಹೆರಲು, ಬಾಣಂತನಕ್ಕೆ ಅಂತ ಕಳಸದ ತವರಿಗೆ ಹೋಗಿದ್ದಾಗ ಮದ್ರಾಸಿನಲ್ಲಿ ಯಾವುದೋ ದೇಶದ ದೂತಾವಾಸದವರಿಂದ ಕೊಂಡು ತಂದಿದ್ದರು. ಮಗುವನ್ನು ಎತ್ತಿಕೊಂಡು ವಾಪಸ್ ಬಂದರೆ ಅಂಗಳದಲ್ಲಿ ಇದು. "ಎಂತಾ ಇದು, ಸ್ಟೀರಿಂಗ್ ಆಚೆ ಕಡೆ ಇದೆ?" ಅಂದೆ. "ಅಮೆರಿಕದ್ದು. ಹೀಗೇ ಬರೋದು," ಅಂದರು. ಅಷ್ಟೇ ಉತ್ತರ.

ಎಡಗಡೆ ಕೂತು ಓಡಿಸುವವನಿಗೆ ನಮ್ಮ ರಸ್ತೆಯಲ್ಲಿ ಒಂದು ದೊಡ್ಡ ಕಷ್ಟ ಇದೆ. ಮುಂದೆ ಲಾರಿ ಇದ್ದರೆ ಅದರ ಆಚೆಗೆ ಏನು ಬರುತ್ತಿದೆ ಅಂತ ಅವನಿಗೆ ಕಾಣುವುದಿಲ್ಲ. ಬಲಗಡೆ ಕೂತವರು ನೋಡಿ ಹೇಳಬೇಕು. ಆ ಬಲಗಡೆಯವಳು ನಾನು. ರಸ್ತೆ ಖಾಲಿ ಇದ್ದರೆ "ಹೋಗಿ" ಅನ್ನಬೇಕು, ಏನಾದರೂ ಬರುತ್ತಿದ್ದರೆ "ತಡೀರಿ" ಅನ್ನಬೇಕು. ಮೂವತ್ತು ವರ್ಷಕ್ಕೂ ಮೇಲೆ ಚಾರ್ಮಾಡಿ ಘಾಟಿ ಹತ್ತಿ ಇಳಿದಿದ್ದು ಹೀಗೆ. ಎದುರಿನ ಬಸ್ಸು ಲಾರಿಗಳೆಲ್ಲ ನನ್ನ ಮೂಗಿನ ತುದಿಯಲ್ಲೇ ಹಾದು ಹೋಗುತ್ತಿದ್ದವು. ಒಮ್ಮೆ ಮೂಡಿಗೆರೆಯಲ್ಲಿ ಹೊಸದಾಗಿ ಬಂದ ಪೊಲೀಸಪ್ಪ ಕಿತ್ತಳೆ ಸುಲಿಯುತ್ತಾ ಕೂತಿದ್ದ ನನ್ನನ್ನು ನಿಲ್ಲಿಸಿ, "ಏನಮ್ಮಾ, ಎರಡೂ ಕೈ ಬಿಟ್ಟು ಓಡಿಸ್ತಿದ್ದೀರಲ್ಲ, ಲೈಸೆನ್ಸ್ ತೆಗೀರಿ" ಅಂದ. ನಾನು ಅವನ ಕೈಗೆ ಎರಡು ತೊಳೆ ಕೊಟ್ಟೆ. ನಮ್ಮವರು ನಕ್ಕೂ ನಕ್ಕೂ ಹೊಟ್ಟೆ ಹಿಡಿದುಕೊಂಡಿದ್ದರು. ಅವರು ಹಾಗೆ ನಗುತ್ತಿದ್ದುದು ಆ ಕಾರಿನಲ್ಲೇ. ಜೀಪಿನಲ್ಲಿ ಹೋಗುವಾಗ ನಾನು ಏನು ಹೇಳಿದರೂ ಕೋಣನ ಮುಂದೆ ಕಿನ್ನರಿ ಬಾರಿಸಿದ ಹಾಗೆ. ಜೀಪಿನ ಗದ್ದಲ ಅಂದುಕೊಂಡು ಸುಮ್ಮನಿರುತ್ತಿದ್ದೆ.

ಜೀಪು ಓಡಿಸುವುದು ನನಗೆ ಬರುತ್ತದೆ. ಪಿಕಪ್ಪೂ ಓಡಿಸುತ್ತೇನೆ. ಆದರೆ ಮಸ್ಟಾಂಗಿನ ಸ್ಟೀರಿಂಗ್ ಒಂದು ದಿನವೂ ನನ್ನ ಕೈಗೆ ಕೊಡಲಿಲ್ಲ. ಕೇಳಿದಾಗಲೆಲ್ಲ, "ಇದು ಬೇಡ ವಿಮಲ, ಇದು ನಿಂಗಲ್ಲ" ಅನ್ನುತ್ತಿದ್ದರು. ಯಾಕೆ ಅಂದರೆ ಮಾತು ಬದಲಾಯಿಸುತ್ತಿದ್ದರು. ಅದು ನನ್ನ ಎದೆಯಲ್ಲಿ ಮುಳ್ಳಾಗಿ ಕೂತಿತ್ತು. ಅವರು ಹೋದ ಮೇಲೂ ಕರಗಲಿಲ್ಲ. ನಿಜ ಹೇಳಬೇಕೆಂದರೆ ಮರಗಟ್ಟಿದ ಮೈಯಲ್ಲಿ ನೋವು ಗೊತ್ತಾಗುತ್ತಿದ್ದುದು ಅದೊಂದು ಜಾಗದಲ್ಲಿ ಮಾತ್ರ.

ಅದಕ್ಕೇ ತೀರ್ಮಾನ ಮಾಡಿದ್ದು. ಈಗ ಆ ಕಾರನ್ನು ನಾನು ಓಡಿಸಬೇಕು. ಆದರೆ ಅವರ ಸೀಟಿಗೆ ಹೋಗಿ ಕೂತು ಅಲ್ಲ. ನಾನು ಕೂತಲ್ಲೇ ಕೂರುತ್ತೇನೆ, ಸ್ಟೀರಿಂಗ್ ನನ್ನ ಹತ್ತಿರ ಬರಲಿ. ಇಷ್ಟು ವರ್ಷ ಕಣ್ಣು ನನ್ನದು, ಕೈ ಅವರದು. ಇನ್ನು ಎರಡೂ ನನ್ನದೇ ಆಗಲಿ.

ಕೊಟ್ಟಿಗೆಹಾರದಲ್ಲಿ ಧರ್ಮೇಶನ ಗ್ಯಾರೇಜಿದೆ. ಅವನ ಅಪ್ಪ ಗುರುವಯ್ಯ ಮೊದಲು ನಮ್ಮ ತೋಟದಲ್ಲೇ ಫಿಟ್ಟರ್ ಆಗಿದ್ದವನು. ಕಾಫಿ ಹಣ್ಣಿನ ಸಿಪ್ಪೆ ಬಿಡಿಸುವ ಪಲ್ಪರ್ ಯಂತ್ರದಿಂದ ಹಿಡಿದು ನಮ್ಮ ಮನೆಯ ಹೊಲಿಗೆ ಮಿಷನ್‌ವರೆಗೆ ಎಲ್ಲ ಅವನ ಕೈಯಲ್ಲೇ. ಮುದುಕನಾದ ಮೇಲೆ ಮಗನ ಗ್ಯಾರೇಜಿನ ಮುಂದೆ ಬೆಂಚಿನ ಮೇಲೆ ಕೂತು ಬಂದುಹೋಗುವವರಿಗೆ ಬುದ್ಧಿ ಹೇಳುವುದು ಅವನ ಕೆಲಸ. ಕಾರು ಕೊಯ್ಯುವ ವಿಷಯ ಹೇಳಲು ನಾನು ಹೋದ ದಿನ ಮಾತ್ರ ಗುರುವಯ್ಯ ಒಂದು ಮಾತೂ ಆಡಲಿಲ್ಲ. ಮಾರನೇ ದಿನ ಮಂಡಿ ನೋವು ಅಂತ ಮನೆಯಲ್ಲೇ ಮಲಗಿದನಂತೆ.

"ಸುಲಭ ಇಲ್ಲ ಅಮ್ಮಾವ್ರೆ," ಅಂದ ಧರ್ಮೇಶ್. "ಬರೀ ಸ್ಟೀರಿಂಗ್ ಅಲ್ಲ. ಪೆಡಲ್ಲು, ಬ್ರೇಕಿನ ಸಿಲಿಂಡರು, ಡ್ಯಾಶ್‌ಬೋರ್ಡು, ಎಲ್ಲ ಈಚೆಗೆ ತರ್ಬೇಕು. ವೈಪರ್ ಕೂಡ. ಇಲ್ಲದಿದ್ರೆ ಮಳೆಗಾಲದಲ್ಲಿ ಎಡಗಡೆ ಗಾಜು ಫಳಫಳ ಅಂತಿರುತ್ತೆ, ನಿಮ್ಮ ಮುಂದಿನ ಗಾಜಲ್ಲಿ ಎಂತದೂ ಕಾಣಲ್ಲ."

"ಮಾಡು," ಅಂದೆ.

"ಇಂಜಿನ್‌ಗೂ ಸೀಟಿಗೂ ನಡುವೆ ತಗಡಿನ ಗೋಡೆ ಇದೆಯಲ್ಲ, ಅದ್ರಲ್ಲಿ ಬಲಗಡೆ ಹೊಸ ತೂತು ಕೊರೀಬೇಕು. ಒಂದ್ಸಲ ಕೊರೆದ್ರೆ ಕೊರೆದಂಗೆ."

"ಕೊರಿ ಮಾರಾಯ. ನನ್ನ ಕೈಲಿ ಎಷ್ಟು ಸಲ ಹೇಳಿಸ್ತಿ?"

ಫೆಬ್ರವರಿಯಲ್ಲಿ ಕೆಲಸ ಶುರುವಾಯಿತು. ಆ ಹೊತ್ತಿಗೆ ಕಾಳುಮೆಣಸು ಕೊಯ್ಲು ನಡೆಯುತ್ತಿತ್ತು. ಹೂಮಳೆ ಯಾವಾಗ ಬೀಳುತ್ತದೋ ಅಂತ ಇಡೀ ತಾಲೂಕು ಆಕಾಶ ನೋಡುತ್ತಿತ್ತು. ಆ ಒಂದು ಮಳೆ ಬಿದ್ದರೆ ಕಾಫಿ ಹೂವಾಗುತ್ತದೆ, ಬೀಳದಿದ್ದರೆ ಆ ವರ್ಷ ಮುಗಿಯಿತು. ಒಂದು ಸಂಜೆ ಬಿತ್ತು. ಎಲ್ಲರೂ ಒಬ್ಬರಿಗೊಬ್ಬರು ಫೋನ್ ಮಾಡಿ, ನಿಮ್ಮಲ್ಲಿ ಎಷ್ಟು ಸೆಂಟ್ಸ್ ಮಳೆ, ನಮ್ಮಲ್ಲಿ ಇಷ್ಟು ಸೆಂಟ್ಸ್ ಅಂತ ಸಂಭ್ರಮಪಟ್ಟರು. ವಾರ ಕಳೆಯುವಷ್ಟರಲ್ಲಿ ತೋಟವೆಲ್ಲ ಬೆಳ್ಳಗಾಯಿತು. ನಾನೂ ಬಾಗಿಲಲ್ಲಿ ನಿಂತು ನೋಡಿದೆ. ಬೆಳ್ಳಗಿತ್ತು, ಅಷ್ಟೇ. ಒಳಗೆ ಬಂದು ಬೇಳೆಗೆ ಉಪ್ಪು ಹಾಕಿದೆ.

ಮರುದಿನ ಧರ್ಮೇಶನ ಫೋನು. "ಅಮ್ಮಾವ್ರೆ, ನೀವು ಒಂದ್ಸಲ ಬಂದು ನೋಡ್ಬೇಕು. ಇಲ್ಲಿ ಎಂತದೋ ಇದೆ."

ಲಿಖಿತ್‌ನನ್ನೂ ಕರೆದುಕೊಂಡು ಜೀಪಿನಲ್ಲಿ ಹೋದೆ. ಕಾರಿನ ಮೂತಿ ಬಿಚ್ಚಿಟ್ಟಿದ್ದರು. ಎಡಗಡೆ ಸ್ಟೀರಿಂಗ್ ಕಿತ್ತು ಮೂಲೆಯಲ್ಲಿ ಮಲಗಿಸಿದ್ದರು. ಧರ್ಮೇಶ್ ಟಾರ್ಚು ಹಿಡಿದು ತಗಡಿನ ಗೋಡೆಯ ಬಲಭಾಗ ತೋರಿಸಿದ. ಹೊಸ ತೂತು ಕೊರೆಯೋಣ ಅಂತ ಅವನು ಹಳೇ ಬಣ್ಣ ಕೆರೆದಿದ್ದ. ಬಣ್ಣದ ಕೆಳಗೆ ಒಂದು ತೇಪೆ. ಅಂಗೈ ಅಗಲದ ತಗಡು, ಸುತ್ತ ರಿವೆಟ್ಟು ಹೊಡೆದಿದೆ. ತೇಪೆ ತೆಗೆದರೆ ಅದರ ಹಿಂದೆ ದುಂಡಗೆ, ನಾಜೂಕಾಗಿ, ಕಂಪನಿಯಲ್ಲೇ ಮಾಡಿದ ತೂತು.

"ಕೊರೆಯೋದೇ ಬೇಡ ಅಮ್ಮಾವ್ರೆ. ಇದು ಮೊದಲಿಂದಲೇ ಬಲಗಡೆ ಸ್ಟೀರಿಂಗ್ ಕಾರು. ಎಡಗಡೆ ತೂತು ನೋಡಿ, ಉಳಿಯಲ್ಲಿ ಕಡಿದಿದ್ದಾರೆ. ಯಾರೋ ಬಲಗಡೆಯಿಂದ ಕಿತ್ತು ಎಡಗಡೆಗೆ ಹಾಕಿದ್ದಾರೆ."

ಲಿಖಿತ್ ತಲೆಯನ್ನು ಕಾರಿನೊಳಗೆ ತೂರಿಸಿ ಅರ್ಧ ಗಂಟೆ ಹೊರಗೆ ಬರಲಿಲ್ಲ. ಬಂದಾಗ ಮುಖ ಹಬ್ಬದ ಮನೆ. "ದೊಡ್ಡಮ್ಮ! ಆಸ್ಟ್ರೇಲಿಯಾದಲ್ಲಿ ಕಂಪನಿಯವರೇ ಬಲಗೈಗೆ ಮಾಡಿ ಒಂದಿಷ್ಟು ಮಸ್ಟಾಂಗ್ ಮಾರಿದ್ರು. ಇದು ಅದು! ಪ್ರಪಂಚದಲ್ಲಿ ಬೆರಳೆಣಿಕೆಯಷ್ಟು ಇರ್ಬೋದು. ಇದನ್ನ ಯಾವ ಕತ್ತೆ ಎಡಗಡೆಗೆ ಹಾಕಿದ್ದು?"

ನಾನು ಧರ್ಮೇಶನ ಕೈಯಿಂದ ತೇಪೆ ತೆಗೆದುಕೊಂಡು ತಿರುಗಿಸಿ ನೋಡಿದೆ. ತಾಮ್ರದ ತಗಡು. ಮೇಲೆಲ್ಲ ಸಾಲಾಗಿ ಮೊಡವೆಯಂಥ ಗುಬುಟು. ಅದು ಏನು ಅಂತ ಕಾಫಿ ತೋಟದ ಯಾರಿಗಾದರೂ ಗೊತ್ತು. ಪಲ್ಪರಿನ ಉರುಳೆಗೆ ಸುತ್ತುವ ತಗಡು ಅದು, ಹಣ್ಣಿನ ಸಿಪ್ಪೆ ಬಿಡಿಸುವುದು ಆ ಗುಬುಟುಗಳೇ. ಸವೆದ ಮೇಲೆ ತೋಟದವರು ಅದನ್ನು ಬಚ್ಚಲು ಬಾಗಿಲಿಗೆ, ಕೋಳಿಗೂಡಿಗೆ, ಎಲ್ಲದಕ್ಕೂ ಬಡಿಯುತ್ತಾರೆ. ಅಮೆರಿಕದಲ್ಲೂ ಆಸ್ಟ್ರೇಲಿಯಾದಲ್ಲೂ ಯಾರೂ ಕಾರಿಗೆ ಪಲ್ಪರ್ ತಗಡಿನ ತೇಪೆ ಹಾಕುವುದಿಲ್ಲ.

"ನಿನ್ನ ಅಪ್ಪ ಎಲ್ಲಿ?" ಅಂದೆ.

ಗ್ಯಾರೇಜಿನ ಹಿಂದೆಯೇ ಮನೆ. ಗುರುವಯ್ಯ ಜಗಲಿಯಲ್ಲಿ ಕಂಬಳಿ ಹೊದ್ದು ಕೂತಿದ್ದ. ನನ್ನ ಕೈಯಲ್ಲಿದ್ದ ತಗಡು ನೋಡಿದ ಕೂಡಲೇ ಎದ್ದು ನಿಂತ. ಮಂಡಿ ನೋವು ಎಲ್ಲಿ ಹೋಯಿತೋ.

"ಇದು ನಿನ್ನ ಕೆಲಸ ಅಲ್ವನಾ ಗುರುವಯ್ಯ?"

"ಹೌದು ಅಮ್ಮಾವ್ರೆ." ಅವನು ಕಣ್ಣು ಮೇಲೆತ್ತಲಿಲ್ಲ. "ಗೌಡ್ರಿಗೆ ಮಾತು ಕೊಟ್ಟಿದ್ದೆ. ಅದಕ್ಕೇ ಬಾಯಿ ಬಿಡ್ಲಿಲ್ಲ. ಈಗ ನೀವೇ ಕೇಳ್ತಿದ್ದೀರಿ."

"ಎಂತಕ್ಕೆ ಮಾಡ್ಸಿದ್ರು?"

ಅವನು ಕೂತುಕೊಂಡ. ನಾನೂ ಜಗಲಿ ಅಂಚಿನಲ್ಲಿ ಕೂತೆ.

"ಮದ್ರಾಸಿಂದ ಕಾರು ತರಕ್ಕೆ ಗೌಡ್ರ ಜೊತೆ ನಾನೂ ಹೋಗಿದ್ದೆ. ಆಗ ಸ್ಟೀರಿಂಗ್ ಬಲಗಡೆನೇ ಇತ್ತು. ಅವ್ರು ಓಡ್ಸ್ತಿದ್ರು, ನಾನು ಎಡಗಡೆ ಕೂತಿದ್ದೆ. ದಾರಿ ಉದ್ದಕ್ಕೂ ಮಾತಾಡ್ತಾನೇ ಬಂದೆ, ನನ್ನ ಬಾಯಿ ಗೊತ್ತಲ್ಲ ನಿಮ್ಗೆ. ಒಂದಕ್ಕೂ ಉತ್ತರ ಇಲ್ಲ. ಹಾಸನ ದಾಟಿದ ಮೇಲೆ ಗಾಡಿ ನಿಲ್ಸಿದ್ರು. ಇಳಿದು ರಸ್ತೆ ಪಕ್ಕ ನಿಂತ್ರು. ಆಮೇಲೆ ಹೇಳಿದ್ರು, 'ಗುರುವಯ್ಯ, ನೀನು ಮಾತಾಡಿದ್ದು ಒಂದೂ ಕೇಳ್ಲಿಲ್ಲ ಮಾರಾಯ. ನಾಳೆ ಅವಳು ಮಗು ಎತ್ಕೊಂಡು ಆ ಸೀಟಲ್ಲಿ ಕೂರ್ತಾಳೆ. ಅವಳು ಹೇಳೋದೂ ಎಂತದೂ ಕೇಳಲ್ಲ. ಜೀಪಲ್ಲಂತೂ ಅವಳು ಮಾತಾಡೋದೇ ಬಿಟ್ಟಿದ್ದಾಳೆ. ಇದನ್ನ ಎಡಗಡೆಗೆ ಹಾಕಣ' ಅಂತ."

ನಾನು ತಗಡಿನ ಗುಬುಟುಗಳ ಮೇಲೆ ಬೆರಳಾಡಿಸಿದೆ.

"ಮಂಗಳೂರು ಬಂದರಲ್ಲಿ ಹಡಗಿನವ್ರನ್ನ ಹಿಡಿದು ಎಡಗಡೆ ಸ್ಟೀರಿಂಗು ತರ್ಸಿದ್ರು. ಪಲ್ಪರ್ ಮನೆ ಹಿಂದೆ ಟಾರ್ಪಾಲು ಕಟ್ಟಿ, ನೀವು ಬರೋದ್ರೊಳಗೆ ಮುಗಿಸ್ಬೇಕು ಅಂತ ಹಗಲೂ ರಾತ್ರಿ ನಂಜೊತೆ ನಿಂತಿದ್ರು. ನಾನು ಹೇಳ್ದೆ, ಅಮ್ಮಾವ್ರಿಗೆ ಹೇಳಿ ಗೌಡ್ರೆ, ಖುಷಿಪಡ್ತಾರೆ ಅಂತ. 'ಬೇಡಪ್ಪ, ಹೇಳಿದ್ರೆ ಜನ್ಮಪೂರ್ತಿ ತಲೆ ಮೇಲೆ ಕೂರ್ತಾಳೆ' ಅಂದ್ರು."

ಅದೊಂದು ಮಾತು ನಿಜ. ಕೂರುತ್ತಿದ್ದೆ.

ವಾಪಸ್ ಬರುವಾಗ ಜೀಪು ಓಡಿಸುತ್ತಾ ಲೆಕ್ಕ ಹಾಕಿದೆ. ಅವರು ಎಡಗಡೆ ಕೂತರೆ ನಾನು ಬಲಗಡೆ, ಅವರ ಒಳ್ಳೇ ಕಿವಿಯ ಪಕ್ಕ. ಅದಕ್ಕೇ ನಮ್ಮ ಸಂಸಾರದ ಮಾತೆಲ್ಲ ಆ ಕಾರಿನಲ್ಲಿ ನಡೆದದ್ದು. ನನ್ನ ಕೈಗೆ ಸ್ಟೀರಿಂಗ್ ಕೊಟ್ಟರೆ ನಾನು ಎಡಗಡೆ ಹೋಗಬೇಕು, ಅವರು ಬಲಗಡೆ ಬರಬೇಕು, ಆಗ ಸತ್ತ ಕಿವಿ ನನ್ನ ಕಡೆಗೆ. ಅದಕ್ಕೇ ಇದು ನಿಂಗಲ್ಲ ಅಂದಿದ್ದು. ಅಯ್ಯೋ ದೇವರೇ! ಕಾರನ್ನು ಇದ್ದ ಹಾಗೇ ಬಲಗಡೆಯೇ ಬಿಟ್ಟು ನನಗೆ ಓಡಿಸಲು ಕೊಟ್ಟಿದ್ದರೆ? ಅವರು ಎಡಗಡೆ ಕೂರುತ್ತಿದ್ದರು, ಒಳ್ಳೇ ಕಿವಿ ನನ್ನ ಕಡೆಗೇ ಇರುತ್ತಿತ್ತು, ಪ್ರತಿಯೊಂದು ಮಾತೂ ಕೇಳುತ್ತಿತ್ತು. ಇಡೀ ಕಾರನ್ನು ಕಡಿದು ಹಾಕುವುದು ಹೊಳೆಯಿತು, ಹೆಂಡತಿಗೆ ಬೀಗದ ಕೈ ಕೊಡುವುದು ಹೊಳೆಯಲಿಲ್ಲ. ಗಂಡಸಿನ ತಲೆ!

ಮನೆಗೆ ಬಂದವಳೇ ಅವರ ಫೋಟೋದ ಮುಂದೆ ನಿಂತೆ. "ಹೇಳಕ್ಕೆ ಎಂತಾಗಿತ್ತು ನಿಮ್ಗೆ? ಬಾಯಿಗೆ ಗೆದ್ದಲು ಹಿಡಿದಿತ್ತಾ?" ಅಂದೆ. ಅಡುಗೆಮನೆಯಲ್ಲಿದ್ದ ತಂಗಮ್ಮ ಯಾರೋ ಬಂದಿದ್ದಾರೆ ಅಂತ ಒಂದು ಲೋಟ ಕಾಫಿ ಜಾಸ್ತಿ ಮಾಡಿ ತಂದಳು. ತಂಗಮ್ಮ ನಮ್ಮ ಮನೆಗೆ ಬಂದು ಇಪ್ಪತ್ತು ವರ್ಷವಾಯಿತು. ಅವಳು ಏನೂ ಕೇಳದೆ ಆ ಲೋಟವನ್ನು ತಾನೇ ಕುಡಿದಳು. ಆಗಲೂ ನನಗೆ ಅಳು ಬರಲಿಲ್ಲ. ಸಿಟ್ಟು ಮಾತ್ರ ಬಂತು, ಅದೂ ಸಂಜೆಯೊಳಗೆ ಆರಿತು. ಮತ್ತೆ ಅದೇ ಮರಗಟ್ಟಿದ ದವಡೆ.

ಎರಡು ದಿನ ಬಿಟ್ಟು ಧರ್ಮೇಶನಿಗೆ ಫೋನ್ ಮಾಡಿ, "ಎಡಗಡೆಗೇ ವಾಪಸ್ ಹಾಕು" ಅಂದೆ.

ಲಿಖಿತ್ ಓಡೋಡಿ ಬಂದ. "ದೊಡ್ಡಮ್ಮ, ತಲೆ ಕೆಟ್ಟಿದ್ಯಾ? ಮೊದ್ಲು ನಾನು ಬೇಡ ಅಂದಾಗ ಬಲಗಡೆ ಬೇಕು ಅಂದ್ರಿ. ಈಗ ಬಲಗಡೆನೇ ಒರಿಜಿನಲ್, ಬಲಗಡೆ ಮಾಡಿದ್ರೆ ಬಂಗಾರ. ಈಗ ಬೇಡ ಅಂತೀರಿ! ಎಡಗಡೆಗೆ ಹಾಕಿದ್ರೆ ಅದು ಬರೀ ತೋಟದ ಶೆಡ್ಡಲ್ಲಿ ಕಡಿದ ಕಾರು."

"ಹೌದು," ಅಂದೆ. "ಅದೇ ನಂಗೆ ಬೇಕಾಗಿದ್ದು."

"ಯಾಕೆ ಅಂತಾದ್ರೂ ಹೇಳಿ."

ಹೇಳಲಿಲ್ಲ. ಅವರ ಕಿವಿಯ ವಿಷಯ ಅವರು ಊರಿಗೆ ಹೇಳಿರಲಿಲ್ಲ, ನಾನ್ಯಾಕೆ ಹೇಳಲಿ? ಲಿಖಿತ್ ಕಣ್ಣಲ್ಲಿ ನೀರು ತಂದುಕೊಂಡ. ಕಾರಿಗೋಸ್ಕರ ಅವನಿಗೆ ಅಷ್ಟು ಸಲೀಸಾಗಿ ಅಳು ಬಂದದ್ದು ನೋಡಿ ನನಗೆ ಹೊಟ್ಟೆಕಿಚ್ಚಾಯಿತು.

ಈ ಸಲ ಗುರುವಯ್ಯ ಬೆಂಚು ಬಿಟ್ಟು ಎದ್ದು ಮಗನ ಪಕ್ಕ ನಿಂತು ಕೆಲಸ ಮಾಡಿಸಿದನಂತೆ. ತಾಮ್ರದ ತೇಪೆಯನ್ನೂ ಇದ್ದಲ್ಲಿಗೇ ಬಡಿದರು. ಏಪ್ರಿಲ್ ಕೊನೆಗೆ ಕಾರು ತಯಾರಾಯಿತು. ತೆಗೆದುಕೊಂಡು ಬರಲು ತಂಗಮ್ಮನನ್ನು ಜೊತೆಗೆ ಕರೆದುಕೊಂಡು ಬಸ್ಸಿನಲ್ಲಿ ಕೊಟ್ಟಿಗೆಹಾರಕ್ಕೆ ಹೋದೆ.

ಅವರ ಸೀಟಿನಲ್ಲಿ ನಾನು ಕೂತದ್ದು ಅದೇ ಮೊದಲು. ಸೀಟನ್ನು ಮುಂದಕ್ಕೆ ಎಳೆದುಕೊಂಡೆ. ಗೇರು ಬಲಗೈಗೆ ಬಂತು, ಅದೊಂದು ಹೊಸದು. ಧರ್ಮೇಶ್ ಗ್ಯಾರೇಜಿನ ಹಿಂದಿನ ಬಯಲಿನಲ್ಲಿ ನಾಲ್ಕು ಸುತ್ತು ಹೊಡೆಸಿದ. "ಸಾಕು ಅಮ್ಮಾವ್ರೆ, ನೀವು ಓಡಿಸ್ತೀರಿ," ಅಂದ. ಬಲಗಡೆ ಸೀಟಿನಲ್ಲಿ ತಂಗಮ್ಮ ಮಡಿಲಲ್ಲಿ ಚೀಲ ಇಟ್ಟುಕೊಂಡು, ಎರಡೂ ಕೈಯಲ್ಲಿ ಬಾಗಿಲು ಹಿಡಿದುಕೊಂಡು ಕೂತಳು.

"ನೋಡು ತಂಗಮ್ಮ, ಮುಂದೆ ಲಾರಿಗೀರಿ ಸಿಕ್ಕಿದ್ರೆ ಆಚೆ ಕಡೆ ಏನು ಬರ್ತಿದೆ ಅಂತ ನಂಗೆ ಕಾಣಲ್ಲ. ನೀನು ನೋಡಿ ಹೇಳ್ಬೇಕು. ಖಾಲಿ ಇದ್ರೆ ಹೋಗಿ ಅನ್ನು. ಇಲ್ದಿದ್ರೆ ತಡೀರಿ ಅನ್ನು."

"ಅಷ್ಟೇ ತಾನೇ? ಅದೆಂತಾ ಕಷ್ಟ," ಅಂದಳು.

ಮೂಡಿಗೆರೆ ರಸ್ತೆಯಲ್ಲಿ ಸ್ವಲ್ಪ ದೂರ ಬಂದಿರಬೇಕು, ಸಿಲ್ವರ್ ಮರದ ದಿಮ್ಮಿ ತುಂಬಿದ ಲಾರಿ ಸಿಕ್ಕಿತು. ಆಮೆ ನಡಿಗೆ. ದಿಮ್ಮಿಗಳ ತುದಿ ನನ್ನ ಗಾಜಿಗೆ ತಾಗುವ ಹಾಗೆ ಹೊರಗೆ ಚಾಚಿತ್ತು. ನನಗೆ ಕಾಣುತ್ತಿದ್ದುದು ದಿಮ್ಮಿ, ಹಗ್ಗ, ಕೆಂಪು ಬಟ್ಟೆ ಚೂರು. ರಸ್ತೆ ಇಲ್ಲವೇ ಇಲ್ಲ.

"ಏನಾದ್ರೂ ಬರ್ತಿದ್ಯಾ?"

"ಒಂದು ಹಸ ಬರ್ತಾ ಇದೆ. ಕರು ಕೂಡ ಇದೆ. ಅದು ನಮ್ಮ ದೇವೇಂದ್ರನ ಹಸ ಇದ್ದಂಗಿದೆ ಅಮ್ಮಾವ್ರೆ, ಕೊಂಬು ನೋಡಿ."

"ಹಸಾ ಬೇಡ ಮಾರಾಯ್ತಿ! ಗಾಡಿ ಬರ್ತಿದ್ಯಾ ಹೇಳು!"

"ಬಸ್ಸು ಬಂತು. ತಡೀರಿ, ತಡೀರಿ." ಬಸ್ಸು ಹೋಯಿತು. ಅವಳು ಕತ್ತು ಚಾಚಿ ನೋಡಿದಳು. "ಈಗ ಎಂತದೂ ಇಲ್ಲ. ತಿರುವಿನ ತನಕ ಖಾಲಿ. ಹೋಗಿ."

ನಾನು ಹೋಗಲಿಲ್ಲ.

ತಂಗಮ್ಮನ ಮೇಲೆ ಅಪನಂಬಿಕೆ ಅಲ್ಲ. ಮನೆಯ ಬೀಗದ ಕೈ, ನನ್ನ ಕೊರಳ ಸರ, ಎಲ್ಲ ಅವಳ ಕೈಯಲ್ಲಿರುತ್ತದೆ. ಅವಳ ಕಣ್ಣು ನನ್ನ ಕಣ್ಣಿಗಿಂತ ಚುರುಕು. ಆದರೆ ಕಾಲು ಒತ್ತಲಿಲ್ಲ. ಕಾಣದ ರಸ್ತೆಗೆ, ಇನ್ನೊಬ್ಬರ ಒಂದು ಮಾತಿನ ಮೇಲೆ, ಜೀವ ತೆಗೆದುಕೊಂಡು ನುಗ್ಗುವುದು ಅಂದರೆ ಹೇಗೆ? ಅವಳಿಗೆ ತಪ್ಪಿ ಕಂಡಿದ್ದರೆ? ತಿರುವಿನಾಚೆ ಒಂದು ಬೈಕು ಇದ್ದರೆ?

"ಅಮ್ಮಾವ್ರೆ, ಹೋಗಿ ಅಂದೆನಲ್ಲ. ಖಾಲಿ ಇದೆ."

"ಕಾಣಲ್ಲ ತಂಗಮ್ಮ, ನಂಗೆ ಕಾಣಲ್ಲ," ಅಂದೆ.

"ನಂಗೆ ಕಾಣ್ತಿದೆಯಲ್ಲ!"

ಅವರು ಹೋಗುತ್ತಿದ್ದರು. ಇಷ್ಟು ವರ್ಷ ಅವರಿಗೂ ಕಂಡಿದ್ದು ಇದೇ ದಿಮ್ಮಿ, ಇದೇ ಹಗ್ಗ. ನಾನು ಹೋಗಿ ಅಂದರೆ ಹೋಗುತ್ತಿದ್ದರು. ಕತ್ತು ಹೊರಳಿಸಿ ಒಮ್ಮೆಯೂ ನೋಡಿದವರಲ್ಲ, ಖಾತ್ರಿನಾ ಅಂತ ಒಮ್ಮೆಯೂ ಕೇಳಿದವರಲ್ಲ. ಧನ್ಯಾಳ ಮದುವೆಯ ವಿಷಯಕ್ಕೆ ಜಗಳವಾಗಿ ವಾರಗಟ್ಟಲೆ ಮಾತು ಬಿಟ್ಟಿದ್ದೆವು. ಆ ವಾರವೂ ಘಾಟಿ ಇಳಿದಿದ್ದೆವು. ಮೈಯೆಲ್ಲ ಉರಿಯುತ್ತಾ ಕಿಟಕಿ ಕಡೆ ಮುಖ ಮಾಡಿಕೊಂಡು ಕೂತಿದ್ದ ನನ್ನ ಬಾಯಿಂದ ಒಂದೇ ಮಾತು ಬಂದಿತ್ತು, ಹೋಗಿ ಅಂತ. ಅವರು ಹೋಗಿದ್ದರು. ಹಿಂದಿನ ಸೀಟಿನಲ್ಲಿ ಮಗಳು ಮಲಗಿದ್ದಳು. ನಾನು ಆ ಸೀಟಿನಲ್ಲಿ ಕೂತು ಅದನ್ನು ದಾರಿ ತೋರಿಸುವ ಕೆಲಸ ಅಂದುಕೊಂಡಿದ್ದೆ. ಈ ಸೀಟಿನಲ್ಲಿ ಅದು ಏನು ಅಂತ ಗೊತ್ತೇ ಇರಲಿಲ್ಲ. ಇಷ್ಟು ನಂಬಿದ್ದರು ನನ್ನನ್ನು. ನನ್ನ ತಾಯಿಯೂ ನನ್ನನ್ನು ಇಷ್ಟು ನಂಬಿರಲಿಲ್ಲ.

ಲಾರಿಯವನು ಬಲಗೈ ಹೊರಗೆ ಹಾಕಿ, ಮುಂದೆ ಹೋಗಿ ಅಂತ ಬೀಸುತ್ತಿದ್ದಾನೆ ಅಂದಳು ತಂಗಮ್ಮ. ಹಿಂದಿನ ಗಾಡಿಗಳು ಹಾರ್ನ್ ಹೊಡೆಯಲು ಶುರುಮಾಡಿದವು. ಒಬ್ಬೊಬ್ಬರಾಗಿ ನನ್ನನ್ನೂ ಲಾರಿಯನ್ನೂ ದಾಟಿಕೊಂಡು ಹೋದರು. ನಾನು ಸ್ಟೀರಿಂಗ್ ಗಟ್ಟಿಯಾಗಿ ಹಿಡಿದುಕೊಂಡು ಅತ್ತೆ. ಬಾಯಿ ಬಿಟ್ಟು, ಮಕ್ಕಳ ಹಾಗೆ, ಸದ್ದು ಮಾಡಿ ಅತ್ತೆ. ಡಿಸೆಂಬರಿನಿಂದ ಎಲ್ಲಿತ್ತೋ ಅಷ್ಟೂ ಬಂತು.

"ಅಯ್ಯಯ್ಯೋ, ಹೋಗ್ಬೇಡಿ ಬಿಡಿ ಅಮ್ಮಾವ್ರೆ," ಅಂದಳು ತಂಗಮ್ಮ ಗಾಬರಿಯಾಗಿ, ಸೆರಗಿನಿಂದ ನನ್ನ ಮುಖ ಒರೆಸುತ್ತಾ. "ನಿಧಾನಕ್ಕೇ ಹೋಗಣ. ಯಾರು ಕಾಯ್ತಿದ್ದಾರೆ ಮನೇಲಿ."

ಮೂಡಿಗೆರೆಯ ತನಕ ನಾವು ಆ ಲಾರಿಯ ಹಿಂದೆಯೇ ಹೋದೆವು.